ಬಾಯ್ಲರ್ ಬೀದಿಯ ರಂಗೋಲಿ

ಬಾಯ್ಲರಿನ ಆಮ್ಲದ ಹೊಗೆಯನ್ನು ಹೀರುವ ಕೆಲಸವನ್ನು ಕಾರ್ಖಾನೆಯು ಬೀದಿಯ ಹೆಂಗಸರ ರಂಗೋಲಿಗೆ ವಹಿಸಿತ್ತು. ಸುಣ್ಣಕಲ್ಲಿನ ಪುಡಿಯಲ್ಲಿ ದಿನವೂ ಅಂಗಳ ತುಂಬ ರಂಗೋಲಿ ಹಾಕದ ಮನೆಯ ಮಕ್ಕಳಿಗೆ ಹೊಗೆ ತಡೆಯುವ ಮುಖವಾಡ ಸಿಗುತ್ತಿರಲಿಲ್ಲ.

"ರಂಗೋಲಿನೇ ಇಲ್ವಲ್ಲಮ್ಮ. ಈ ತಿಂಗಳು ಮಗಳಿಗೆ ಮುಖವಾಡ ಇಲ್ಲ," ಎಂದ ಮೇಲ್ವಿಚಾರಕ ಷಡಕ್ಷರಿ, ತನ್ನ ಮುಖವಾಡದೊಳಗಿನಿಂದ.

"ಬೆಳಗ್ಗೆನೇ ಹಾಕಿದ್ದೆ ಸ್ವಾಮಿ. ನಿಮ್ಮ ಹೊಗೆ ತಿಂದ್ಹಾಕ್ತು," ಎಂದಳು ಚೆಲುವಾಜಮ್ಮ. ಒಳಗೆ ಮಗಳು ಕೆಮ್ಮುತ್ತಿದ್ದಳು.

"ಎಲ್ರೂ ಇದೇ ಕತೆ ಹೇಳ್ತಾರೆ."

ಚೆಲುವಾಜಮ್ಮ ಅವನ ಮುಖವಾಡವನ್ನು ಕಿತ್ತು, ಮಗಳಿಗೆ ಹಾಕಿ ಬಂದಳು. ಅಷ್ಟರಲ್ಲಿ ನೆರೆಯ ಹೆಂಗಸರು ಅಂಗಳದ ಗೇಟಿಗೆ ಅಡ್ಡ ನಿಂತಿದ್ದರು. ಅವಳು ಕುಕ್ಕರಗಾಲಲ್ಲಿ ಕೂತು ಅವನ ಬೂಟಿನ ಸುತ್ತ ಹೊಸ ರಂಗೋಲಿ ಎಳೆದಳು.

"ಇದು ಕರಗೋದನ್ನ ಕಣ್ಣಾರೆ ನೋಡ್ಕೊಂಡು ಹೋಗಿ."

ಷಡಕ್ಷರಿ ಕೆಮ್ಮತೊಡಗಿದ. ರಂಗೋಲಿಯ ಮೊದಲ ಎಸಳು ಆಗತಾನೇ ನೊರೆಯಾಗುತ್ತಿತ್ತು.