ನಾಲ್ಕು ಪಾಯಿಂಟ್ ಎರಡು

ಪ್ಲೇಟು ಬಾಗಿದ್ದು ಸರಿಯಾಗಿ ನಾಲ್ಕು ಪಾಯಿಂಟ್ ಎರಡು ಮಿಲಿಮೀಟರ್. ಕಂಪ್ಯೂಟರ್ ಹೇಳಿದ್ದೂ ಅಷ್ಟೇ. ಯಲಹಂಕದ ಕಾಲೇಜಿನ ಲ್ಯಾಬಿನಲ್ಲಿ ಪದ್ಮಶ್ರೀ ಮೂರು ಸಲ ಅಳೆದಳು, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಅವಳ ಪಿಎಚ್‌ಡಿ ಗೈಡ್ ವಿಜಯ್ ಕುಮಾರ್ ಐದು ವರ್ಷದಲ್ಲಿ ಮೊದಲ ಸಲ ನಕ್ಕರು. ಇನ್ನು ಥೀಸಿಸ್ ಕೊಟ್ಟುಬಿಡು ಎಂದರು.

ಆ ಐದು ವರ್ಷ ಅವಳು ಮಾಡಿದ್ದಿಷ್ಟು: ಎರಡು ದಪ್ಪ ಉಕ್ಕಿನ ಪ್ಲೇಟುಗಳ ಸಂದಿಗೆ ಎಂಟು ಪದರ ವೆಲ್ಡಿಂಗ್ ಸುರಿದರೆ, ಪ್ರತಿ ಪದರವೂ ಆರುತ್ತ ಆರುತ್ತ ಉಕ್ಕನ್ನು ಎಷ್ಟು ಸೊಟ್ಟಗೆ ಮಾಡುತ್ತದೆ ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದು. ಪರದೆಯ ಮೇಲೆ ಪ್ಲೇಟನ್ನು ನಲವತ್ತು ಸಾವಿರ ಚೂರು ಮಾಡಿ, ಒಂದೊಂದು ಚೂರಿನ ಬಿಸಿಯನ್ನೂ ವಿಚಾರಿಸಿಕೊಂಡಿದ್ದಳು. ಕಲಬುರಗಿಯಿಂದ ಅವ್ವ ಫೋನ್ ಮಾಡಿದಾಗಲೆಲ್ಲ, ಆ ಕಬ್ಬಿಣ ಇನ್ನೂ ಬಾಗಲಿಲ್ಲೇನು ಎಂದು ಕೇಳುವುದು ಬಿಟ್ಟಿರಲಿಲ್ಲ. ಕಾಲೇಜು ಕೊಟ್ಟ ಕೊನೆಯ ಗಡುವೂ ಈ ತಿಂಗಳಿಗೇ ಮುಗಿಯುತ್ತಿತ್ತು.

ಸಂಜೆ ಮೈಸೂರು ಪಾಕ್ ಕಟ್ಟಿಸಿಕೊಂಡು, ಪ್ಲೇಟನ್ನು ನಿಜವಾಗಿ ಬೆಸೆದುಕೊಟ್ಟ ಜಿಯಾವುಲ್ಲಾ ಭಾಯಿಯ ಜಾಲಹಳ್ಳಿಯ ಶೆಡ್ಡಿಗೆ ಹೋದಳು. ಲೆಕ್ಕ ಎಷ್ಟು ಕರಾರುವಾಕ್ಕಾಗಿ ತಾಳೆಯಾಯಿತೆಂದು ಸಂಭ್ರಮದಿಂದ ಹೇಳಿದಳು.

"ಸುಮ್ನೆ ಬರ್ಲಿಲ್ಲ ಮೇಡಂ," ಎಂದರು ಭಾಯಿ, ಮೈಸೂರು ಪಾಕ್ ಮುರಿಯುತ್ತ. "ಎಂಟನೇ ಲೇಯರ್ ಹೊತ್ಗೆ ಬಾಗಿ ಒಂಬತ್ತು ಎಂಎಂಗೆ ಎದ್ದು ಕೂತಿತ್ತು. ಗ್ಯಾಸಲ್ಲಿ ಕಾಯ್ಸಿ, ಜಾಕ್ ಕೊಟ್ಟು, ಅರ್ಧ ದಿನ ಒತ್ತಿ ನಾಲ್ಕು ಪಾಯಿಂಟ್ ಎರಡಕ್ಕೆ ತಂದೆ."

"ಯಾಕ್ರೀ ಭಾಯ್? ಹಂಗೇ ಬಿಡಬೇಕಿತ್ತಲ್ಲ?"

"ನೀವೇ ಡ್ರಾಯಿಂಗಲ್ಲಿ ಬರ್ದಿದ್ರಲ್ಲ ಮೇಡಂ. ಬರ್ದಿರೋ ನಂಬರ್ ಕೊಡ್ದಿದ್ರೆ ಮಾಲು ವಾಪಸ್ ಬರುತ್ತೆ. ಮೂವತ್ತು ವರ್ಷದಲ್ಲಿ ನನ್ ಮಾಲು ಒಂದ್ಸಲಾನೂ ವಾಪಸ್ ಬಂದಿಲ್ಲ."

ಡ್ರಾಯಿಂಗಿನ ಮೂಲೆಯಲ್ಲಿ ತನ್ನ ಲೆಕ್ಕದ ಉತ್ತರವನ್ನು ಜಂಬಕ್ಕೆಂದು ಬರೆದವಳು ಪದ್ಮಶ್ರೀಯೇ. ಭಾಯಿ ಅದನ್ನು ಆರ್ಡರ್ ಎಂದುಕೊಂಡು, ಐದು ವರ್ಷದ ತಪ್ಪನ್ನು ಅರ್ಧ ದಿನದಲ್ಲಿ ಸರಿ ಮಾಡಿ ಕಳಿಸಿದ್ದರು. ಅವರ ಮೇಲೆ ಸಿಟ್ಟಾಗಲೂ ಅವಳಿಗೆ ಮುಖವಿರಲಿಲ್ಲ.

ಮರುದಿನ ಬೆಳಿಗ್ಗೆ ಗೈಡ್ ಮುಂದೆ ನಿಂತು ಎಲ್ಲವನ್ನೂ ಒಪ್ಪಿಸಿದಳು. ಪ್ಲೇಟು ನಿಜಕ್ಕೂ ಒಂಬತ್ತು ಮಿಲಿಮೀಟರ್ ಬಾಗಿತ್ತು, ಲೆಕ್ಕವನ್ನು ಮೊದಲಿಂದ ಮಾಡಬೇಕು, ಇನ್ನೊಂದು ವರ್ಷವಾದರೂ ಬೇಕು ಎಂದಳು. ಬೈಗುಳಕ್ಕೆ ಸಿದ್ಧಳಾಗಿಯೇ ಬಂದಿದ್ದಳು. ವಿಜಯ್ ಕುಮಾರ್ ಬೈಯಲಿಲ್ಲ. ಒಂದೇ ಪ್ಲೇಟು ತೋರಿಸಿದರೆ ಜರ್ನಲ್‌ನವರು ಹೇಗೂ ಒಪ್ಪುವುದಿಲ್ಲ ಎಂದು ಲೆಕ್ಕ ಹಾಕಿದರು.

"ಇನ್ನೆರಡು ಪ್ಲೇಟ್ ಮಾಡ್ಸಮ್ಮ," ಎಂದರು. "ಬೇರೆಲ್ಲೂ ಹೋಗ್ಬೇಡ, ಆ ಭಾಯಿ ಹತ್ರಾನೇ ಮಾಡ್ಸು."