ತೊಟ್ಟಿಲು ಬಂದ ಮಧ್ಯಾಹ್ನ

ಎಲ್ಲಾದರೂ ಹಸಿ ವಾರ್ನಿಶ್ ವಾಸನೆ ಬಂದರೆ ಈಗಲೂ ನನಗೆ ಹಡಪಸರದ ನಮ್ಮ ಮನೆಯ ಆ ಮಧ್ಯಾಹ್ನ ನೆನಪಾಗುತ್ತದೆ.

ಅವ್ವ ಆಗ ತುಂಬಿದ ಬಸುರಿ. ನಾನು ಗೊಂಬೆಗಳನ್ನು ಹರಡಿಕೊಂಡು ಆಡುತ್ತಿದ್ದ ಸಣ್ಣ ಖೋಲಿಯನ್ನು ಹುಟ್ಟಲಿರುವ ಕೂಸಿಗೆಂದು ತೆರವು ಮಾಡಿದ್ದರು. ಅಪ್ಪ ಹಳೆ ಸಾಮಾನಿನ ಬಜಾರಿನಿಂದ ಒಂದು ಮರದ ತೊಟ್ಟಿಲು ತಂದು, ಉಜ್ಜಿ ನುಣುಪು ಮಾಡಿ ವಾರ್ನಿಶ್ ಹಚ್ಚಿದ್ದರು.

"ಕೂಸು ಹುಟ್ಟೂಕಿಂತ ಮೊದಲ ಕುಲಾವಿ," ಎಂದು ಗೊಣಗುತ್ತಲೇ ಅಜ್ಜಿ ತೊಟ್ಟಿಲಿಗೆ ಕಟ್ಟಲು ಬಟ್ಟೆಯ ಗಿಳಿ ಹೊಲಿಯುತ್ತಿದ್ದಳು. ಹತ್ತಿರ ಹೋಗಿ ನೋಡಿದೆ. ಗಿಳಿಯ ಮೈ ನನ್ನ ಹಸಿರು ಫ್ರಾಕಿನದು.

"ಅದು ನಂದು," ಎಂದೆ.

"ನಿನಗ ಬಿಗಿ ಆಗ್ತದಲ್ಲವಾ," ಎಂದಳು ಅಜ್ಜಿ, ತಲೆ ಎತ್ತದೆ.

ನಾನು ಸೀದಾ ಹೋಗಿ ತೊಟ್ಟಿಲೊಳಗೆ ಹತ್ತಿ ಕುಳಿತೆ. ವಾರ್ನಿಶ್ ಇನ್ನೂ ಒಣಗಿರಲಿಲ್ಲ. ಅಂಗೈ, ಮೊಣಕಾಲು ಎಲ್ಲ ಅಂಟಿಕೊಂಡವು. ಅಪ್ಪ ಕರೆದರೂ ಇಳಿಯಲಿಲ್ಲ.

ಅವ್ವ ಗೋಡೆ ಹಿಡಿದುಕೊಂಡು ಬಂದು ಪಕ್ಕದಲ್ಲಿ ಕುಳಿತಳು.

"ನನಗ ಯಾವ ತೊಟ್ಟಿಲಾ ತಂದಿದ್ರಿ?" ಎಂದು ಕೇಳಿದೆ.

"ನಿನಗ ತೊಟ್ಟಿಲಾ ಇರಲಿಲ್ಲವಾ. ಆಗ ನಮಗ ಇದ್ದದ್ದ ಒಂದ ಖೋಲಿ. ನನ್ನ ತೊಡಿ ಮ್ಯಾಲೇ ಮಲಗತಿದ್ದಿ."

ಸ್ವಲ್ಪ ಹೊತ್ತು ಯೋಚಿಸಿದೆ. ಆಮೇಲೆ ಇಳಿದೆ.

"ಹಂಗಾರ ಕೂಸು ತೊಟ್ಟಿಲದಾಗ ಮಲಗಲಿ," ಎಂದೆ. "ತೊಡಿ ನಂದು."

ಹೊಟ್ಟೆ ಬೆಳೆದು ಅವ್ವನ ತೊಡೆಯ ಮೇಲೆ ಜಾಗವೇ ಇರಲಿಲ್ಲ. ಉಳಿದಷ್ಟರಲ್ಲೇ ತಲೆಯಿಟ್ಟು ಮಲಗಿದೆ.