ಕೊನೆಯ ಹತ್ತು ಅಂಕ

ಮನುಷ್ಯ ಸತ್ತ ಗಳಿಗೆಗೇ ಅವನ ಚಿತ್ರಗಳೆಲ್ಲ ಅಳಿಸಿಹೋಗುತ್ತಿದ್ದ ಕಾಲ ಅದು. ಖಾಲಿ ಚೌಕಟ್ಟಿಗೆ ಹಾರ ಹಾಕುವುದು ಎಲ್ಲರಿಗೂ ರೂಢಿಯಾಗಿತ್ತು. ಹಾಡಿನ ವಿಡಿಯೋ, ಪೋಸ್ಟರ್ ಮಾಡಿ ತೋರಿಸುವ ಕಾಲೇಜಿನ ಪರೀಕ್ಷೆಯಲ್ಲೂ ಅದಕ್ಕೊಂದು ನಿಯಮವಿತ್ತು: ಚಿತ್ರದಲ್ಲಿರುವವರು ಹೋದ ಮೇಲೂ ಪೋಸ್ಟರ್ ನಿಲ್ಲುವಂತಿದ್ದರೆ ಕೊನೆಯ ಹತ್ತು ಅಂಕ.

ಮೇಘಾಳ ಮ್ಯೂಸಿಕ್ ವಿಡಿಯೋ ನೋಡಿ ಮುಗಿಸಿದ ಹಂಚಿನಮನಿ ಮೇಡಂ ಪೋಸ್ಟರಿನತ್ತ ತಿರುಗಿದರು. ಹಾಡು ಹೇಳಿದ್ದ ಮೇಘಾಳ ಅಜ್ಜಿ, ಅವಳ ಆಯಿ, ಅದರಲ್ಲಿ ಕರಿ ಕನ್ನಡಕ ಹಾಕಿಕೊಂಡು ಕೆಂಪು ಸ್ಕೂಟರ್ ಏರಿದ್ದಳು. ಮೇಘಾ ಮಾತಿಗೊಮ್ಮೆ ಹಿಂತಿರುಗಿ ಅದನ್ನೇ ನೋಡುತ್ತಿದ್ದಳು.

"ಪೋಸ್ಟರ್ ಎಲ್ಲಿಗೂ ಓಡಿಹೋಗಂಗಿಲ್ಲ. ನನ್ನ ಕಡೆ ನೋಡಿ ಹೇಳವಾ," ಎಂದು ಮೇಡಂ ಗದರಿದರು.

"ಮುಂಜಾನೆ ಆಯಿನ್ನ ದವಾಖಾನಿಗೆ ಸೇರಸೇವ್ರಿ ಮೇಡಂ. ಪರೀಕ್ಷಾ ಬಿಟ್ಟು ಬಂದ್ರ ಮಾತಾಡ್ಸಂಗಿಲ್ಲ ಅಂದಾಳ."

ಮೇಡಂ ದನಿ ತಗ್ಗಿತು. ಆದರೂ ಕೇಳಬೇಕಾದ್ದನ್ನು ಕೇಳಲೇಬೇಕಲ್ಲ. "ಮುಂದ ಆಕಿ ಇಲ್ಲದಾಗ ಇದು ಹೆಂಗ ನಿಲ್ತದ?"

ಮೇಘಾ ಈ ಸಲ ತಿರುಗದೆ, ಅವರ ಮುಖವನ್ನೇ ನೋಡುತ್ತ ಹೇಳತೊಡಗಿದಳು. "ಹಾಡಿನ ಹೆಸರನ್ನ ಗಾಳಿಗೆ ಹಾರಿದಂಗ ಸ್ಕೂಟರಿನ ಹಿಂದಕ್ಕ ಬರ್ದೀನ್ರಿ. ಸೀಟು ಖಾಲಿ ಆದ್ರೂ ಗಾಡಿ ಓಡ್ಕೋತನ ಇರ್ತದ್ರಿ."

ಅವಳ ಬೆನ್ನ ಹಿಂದೆ, ಪೋಸ್ಟರಿನಿಂದ ಮೊದಲು ಕನ್ನಡಕ ಅಳಿಸಿಹೋಯಿತು. ಆಮೇಲೆ ನಗು, ಸೆರಗು. ಮೇಡಂ ಪೆನ್ನು ಕೆಳಗಿಟ್ಟರು. ಕೆಂಪು ಸ್ಕೂಟರ್ ಮಾತ್ರ ಓಡುತ್ತಲೇ ಇತ್ತು.

"ನಿಲ್ತದೇನ್ರಿ ಮೇಡಂ?"

ಅವರು ಎದ್ದು ಬಂದು, ಅವಳು ತಿರುಗದಂತೆ ಎರಡೂ ಭುಜ ಹಿಡಿದುಕೊಂಡರು.

"ನಿಂತದವಾ. ಹತ್ತಕ್ಕ ಹತ್ತು."